ಕ್ಯಾಲಿಕೋದ ತಾರೀಖು ಮೊದಲು, ರೈಲು ಟಿಕೆಟ್ ಆಮೇಲೆ

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅಹಮದಾಬಾದಿಗೆ ಮೊದಲು ರೈಲು ಟಿಕೆಟ್ ಮಾಡಿಸಿದೆ. ಆಮೇಲೆ ರೂಮು ಹಿಡಿದೆ. ಎಲ್ಲ ಮುಗಿದ ಮೇಲೆ ಅಲ್ಲಿನ ಕ್ಯಾಲಿಕೋ ಎಂಬ ಬಟ್ಟೆಗಳ ಮ್ಯೂಸಿಯಂಗೆ ಫೋನ್ ಹಚ್ಚಿದೆ. ನಾವು ಊರಲ್ಲಿರುವ ನಾಲ್ಕು ದಿನದಲ್ಲಿ ಒಂದು ಬುಧವಾರ, ಅವತ್ತು ಅಲ್ಲಿ ರಜೆ. ಉಳಿದ ಮೂರು ದಿನ ಭರ್ತಿಯಾಗಿತ್ತು. ನಾವು ಹೊರಟಿದ್ದೇ ಆ ಮ್ಯೂಸಿಯಂ ಸಲುವಾಗಿ! ಟಿಕೆಟ್ ರದ್ದು ಮಾಡಿ, ಮೂರು ವಾರ ಮುಂದಕ್ಕೆ ಹಾಕಿ, ಮತ್ತೆ ಮಾಡಿಸಿದೆ. ಹೋದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿಮ್ಮ ಲೆಕ್ಕ ಉಲ್ಟಾ ಇರಲಿ. ಮೊದಲು ಕ್ಯಾಲಿಕೋದ ತಾರೀಖು. ಅದು ಕೈಗೆ ಬಂದ ಮೇಲೆ ಉಳಿದದ್ದೆಲ್ಲ ಅದರ ಸುತ್ತ ಜೋಡಿಸಿಕೊಳ್ಳಿ.

ಜೊತೆಗೆ ಬಂದವಳು ನಮ್ಮವ್ವ. ವಯಸ್ಸು 68, ಮೊಣಕಾಲು ನೋವು. ತವರು ಬೆಟಗೇರಿ. ಅವಳ ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಅವ್ವ ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ನೂಲಿನ ಕಂಡಕಿ ಸುತ್ತಿಕೊಡುತ್ತಿದ್ದಳಂತೆ. ಮ್ಯೂಸಿಯಂ ಅಂದರೆ ಮೂಗು ಮುರಿಯುವ ಅವ್ವ ಇದೊಂದಕ್ಕೆ ಮಾತ್ರ ತಾನೇ ಬ್ಯಾಗು ತುಂಬಿದಳು.

ಹೋಗುವುದು ಹೇಗೆ ಅಂದರೆ, ಬೆಂಗಳೂರಿನಿಂದ ನೇರ ವಿಮಾನ ಇದೆ, ಎರಡೂಕಾಲು ಗಂಟೆ. ನಾವು ಹುಬ್ಬಳ್ಳಿಯಿಂದ ರೈಲಲ್ಲಿ ಹೋದ್ವಿ. ಜೋಧಪುರ, ಗಾಂಧಿಧಾಮದ ಕಡೆಗೆ ಹೋಗುವ ರೈಲುಗಳು ಪುಣೆ, ಸೂರತ್ ಮೇಲೆ ಅಹಮದಾಬಾದಿಗೆ ಮುಟ್ಟಿಸುತ್ತವೆ. ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಎಲ್ಲ ದಿನ ಇರುವುದಿಲ್ಲ, ನೋಡಿಕೊಂಡು ಮಾಡಿಸಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ದಾರಿ ಸವೆಯುತ್ತದೆ. ಅಲ್ಲಿ ಹೋದ ಮೇಲೂ ಬೇಕಾಗುತ್ತದೆ, ಯಾಕಂದರೆ ಅಲ್ಲಿನ ದಾಲ್ ಸಿಹಿ. ಎರಡನೇ ದಿನ ಅವ್ವ ಊಟದ ತಟ್ಟೆಗೇ ನಮ್ಮ ಚಟ್ನಿಪುಡಿ ಉದುರಿಸಿಕೊಂಡಳು.

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಬೇಸಿಗೆಯಲ್ಲಿ ಬೇಡವೇ ಬೇಡ, ಹಳೆ ಊರಿನ ಓಣಿಗಳಲ್ಲಿ ನಡೆಯೋಕೆ ಆಗುವುದಿಲ್ಲ. ಜನವರಿ 14ರ ಆಸುಪಾಸು ಗಾಳಿಪಟದ ಹಬ್ಬ. ಊರೆಲ್ಲ ಮಾಳಿಗೆ ಮೇಲೆ ಇರುತ್ತದೆ. ನೋಡಲು ಚೆಂದ, ಆದರೆ ರೂಮಿನ ಬಾಡಿಗೆ ಗಾಳಿಪಟಕ್ಕಿಂತ ಮೇಲೆ ಹಾರಿರುತ್ತದೆ.

ರೂಮಿನ ಮಾತು ಬಂತಲ್ಲ, ನಾವು ಹಳೆ ಊರಿನೊಳಗೆ ಒಂದು ಹಳೆ ಮನೆಯಲ್ಲೇ ಇಳಿದಿದ್ದೆವು. ನೆಲಮಹಡಿ ಎಂದು ಫೋನಿನಲ್ಲಿ ಒಪ್ಪಿಕೊಂಡವರು ಹೋದ ಮೇಲೆ ಎರಡನೇ ಮಹಡಿ ತೋರಿಸಿದರು. ಆ ಮನೆಗಳ ಮೆಟ್ಟಿಲು ಅಂದರೆ ಏಣಿ ಇದ್ದ ಹಾಗೆ. ಕಡಿದು, ಕಿರಿದು, ಹಿಡಿಯಲು ಮೇಲಿಂದ ಇಳಿಬಿಟ್ಟ ಹಗ್ಗ. ಜಗಳ ಮಾಡಿ ಮರುದಿನ ಕೆಳಗೆ ಬಂದ್ವಿ. ಮೊಣಕಾಲು ನೋವಿನವರು ಜೊತೆಗಿದ್ದರೆ ಕೆಳಗಿನ ರೂಮು ಅಂತ ಬರೆಸಿ ತೆಗೆದುಕೊಳ್ಳಿ, ಬಾಯಿಮಾತು ನಂಬಬೇಡಿ.

ಈಗ ಕ್ಯಾಲಿಕೋ. ಇದು ಮೊದಲಿಗೆ ಒಂದು ಮಿಲ್ಲಿನ ಹೆಸರು, ಸಾರಾಭಾಯಿ ಮನೆತನದ ಬಟ್ಟೆ ಮಿಲ್ಲು. 1949ರಲ್ಲಿ ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗಿರಾ ಸಾರಾಭಾಯಿ ಈ ಮ್ಯೂಸಿಯಂ ಶುರು ಮಾಡಿದರು. ಇಸ್ರೋದ ವಿಕ್ರಮ್ ಸಾರಾಭಾಯಿ ಇವರ ಒಡಹುಟ್ಟಿದವರೇ. ಬಟ್ಟೆಗೆ ಅಂತಲೇ ಒಂದು ಮ್ಯೂಸಿಯಂ ಬೇಕು ಎಂಬ ಮಾತನ್ನು ಅವರ ತಲೆಗೆ ಹಾಕಿದವರು ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ. ಮೊದಲು ಅದು ಮಿಲ್ಲಿನ ಆವರಣದಲ್ಲೇ ಇತ್ತು. 1983ರಲ್ಲಿ ಶಾಹಿಬಾಗಿನ 'ರಿಟ್ರೀಟ್'ಗೆ, ಅಂದರೆ ಮನೆತನದ ಸ್ವಂತ ಬಂಗಲೆಯ ತೋಟಕ್ಕೆ ಬಂತು. ಮಿಲ್ಲು ಮುಂದೆ ಮುಚ್ಚಿಹೋಯಿತು. ಮ್ಯೂಸಿಯಂ ಉಳಿಯಿತು.

ಇಲ್ಲಿನ ಕಟ್ಟುನಿಟ್ಟು ಬಹಳ. ಮೊದಲೇ ಹೆಸರು ಬರೆಸಿರಬೇಕು. ಬೆಳಿಗ್ಗೆ ಸಣ್ಣ ತಂಡ ಕಟ್ಟಿ, ಮಾರ್ಗದರ್ಶಕರ ಜೊತೆಯಲ್ಲೇ ಒಳಗೆ ಕರೆದೊಯ್ಯುತ್ತಾರೆ. ನಮಗೆ ಬೇಕಾದ ಕಡೆ ತಿರುಗುವ ಹಾಗಿಲ್ಲ. ತಡವಾಗಿ ಹೋದರೆ ಬಿಡುವುದಿಲ್ಲ. ಬ್ಯಾಗು, ಫೋನು, ಕ್ಯಾಮೆರಾ ಒಳಗಿಲ್ಲ. ಚಿಕ್ಕ ಮಕ್ಕಳಿಗೂ ಪ್ರವೇಶ ಇಲ್ಲ. ಬುಧವಾರ ಮತ್ತು ಸರ್ಕಾರಿ ರಜೆಗಳಲ್ಲಿ ಬಂದ್. ಆಧಾರ್ ಕಾರ್ಡು ಜೇಬಿನಲ್ಲಿರಲಿ. ಆಟೋದವರಿಗೆ 'ಶಾಹಿಬಾಗ್ ಅಂಡರ್‌ಬ್ರಿಡ್ಜ್ ಎದುರು' ಅಂದರೆ ಸಾಕು.

ಫೋಟೋ ಇಲ್ಲ ಅಂದಾಗ ನನಗೆ ಬೇಜಾರಾಗಿತ್ತು. ಒಳಗೆ ಹೋದ ಹತ್ತು ನಿಮಿಷಕ್ಕೆ ಅದೇ ಒಳ್ಳೆಯದು ಅನ್ನಿಸಿತು. ಕೈಯಲ್ಲಿ ಫೋನ್ ಇದ್ದಿದ್ದರೆ ನಾನು ಕಣ್ಣಿಂದ ಏನೂ ನೋಡುತ್ತಿರಲಿಲ್ಲ.

ಒಳಗೆ ಹೋದರೆ ಮೊದಲು ಕಾಣುವುದು ಬಟ್ಟೆ ಅಲ್ಲ, ಮನೆಗಳು. ಗುಜರಾತಿನ ಹಳೆ ಮನೆಗಳನ್ನು ಕೆಡವುವಾಗ ಅವುಗಳ ಕೆತ್ತನೆಯ ಮರದ ಮುಖಗಳನ್ನು ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಕಂಬ, ಬೋದಿಗೆ, ಕಿಟಕಿ, ಬಾಗಿಲು, ಬಾಲ್ಕನಿ. ತೇಗದ ಮೇಲೆ ಬಳ್ಳಿ, ಗಿಳಿ, ಆನೆ. ಅದರೊಳಗೆ ಬಟ್ಟೆಗಳು. ಈ ಊರಿನಲ್ಲಿ ಬಟ್ಟೆಯ ದುಡ್ಡೇ ಇಂಥ ಎಷ್ಟೋ ಮನೆ ಕಟ್ಟಿದ್ದು. ಈಗ ಮನೆ ಬಟ್ಟೆಯನ್ನು ಕಾಯುತ್ತಿದೆ. ಗಿರಾ ಸಾರಾಭಾಯಿ ಯೌವನದಲ್ಲಿ ಅಮೆರಿಕಕ್ಕೆ ಹೋಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹತ್ತಿರ ಕೆಲಸ ಕಲಿತವರು. ಮನೆ ಅಂದರೆ ಏನು ಅಂತ ಗೊತ್ತಿದ್ದವರು ಕೈ ಹಾಕಿದ್ದು ಕಾಣುತ್ತದೆ.

ಒಳಗೆ ಮಬ್ಬುಗತ್ತಲು. ಜಾಸ್ತಿ ಬೆಳಕು ಬಿದ್ದರೆ ಹಳೆ ಬಟ್ಟೆಯ ಬಣ್ಣ ಹೋಗುತ್ತದೆ, ಎಳೆ ಜೀವ ಕಳೆದುಕೊಳ್ಳುತ್ತದೆ. ಕಣ್ಣು ಹೊಂದಿಕೊಳ್ಳಲು ಒಂದೈದು ನಿಮಿಷ ಬೇಕು. ನಮ್ಮ ತಂಡದ ಕೆಲವರು ಏನೂ ಕಾಣಲ್ಲ ಎಂದು ಗೊಣಗಿದರು. ಅವ್ವ ಮಾತ್ರ ಖುಷಿಯಾಗಿದ್ದಳು.

"ಈ ಕತ್ತಲಿ ನಮ್ಮಪ್ಪನ ಮಗ್ಗದ ಮನ್ಯಾಗೂ ಇತ್ತು ನೋಡು. ಬಿಸಿಲು ಹೊಕ್ಕರ ನೂಲು ಒಣಗಿ ಹರಿತೈತಿ ಅಂತಿದ್ದ."

ಅದು ನನಗೆ ಗೊತ್ತಿರಲಿಲ್ಲ. ಕುಣಿ ತೋಡಿ ಮಗ್ಗ ಹೂಡುವುದು ಕಾಲು ಇಳಿಬಿಡಲು ಮಾತ್ರ ಎಂದುಕೊಂಡಿದ್ದೆ. ನೆಲದ ತಂಪು ಎಳೆಗೆ ಬೇಕು ಅಂತ ಅವ್ವ ಹೇಳಿದಳು. ಸಣ್ಣ ಬೆಳಕಿಂಡಿ, ದಪ್ಪ ಗೋಡೆ, ಮಣ್ಣಿನ ನೆಲ, ಎಲ್ಲ ನೂಲಿನ ಸಲುವಾಗಿ. ಜನ ಆಮೇಲೆ. ಬಟ್ಟೆಗೂ ಮನೆಗೂ ಸಂಬಂಧ ಹುಡುಕಲು ನಾನು ಸಾವಿರದ ಮೇಲೆ ಕಿಲೋಮೀಟರ್ ಹೋದೆ, ಅದು ಅಜ್ಜನ ಮನೆಯಲ್ಲೇ ಇತ್ತು.

ನೋಡುವುದು ಬೇಕಾದಷ್ಟಿದೆ. ಕಾಶ್ಮೀರದ ಶಾಲು, ಕಚ್ಛಿನ ಕಸೂತಿ, ಚಂಬಾದ ರುಮಾಲು, ಬಂಗಾಳದ ಕಾಂಥಾ ಕೌದಿ, ನಾಥದ್ವಾರದ ಶ್ರೀನಾಥಜಿಯ ಹಿಂದೆ ತೂಗುಹಾಕುವ ಪಿಛವಾಯಿ, ಹೊರದೇಶಕ್ಕೆ ಅಂತಲೇ ಬಣ್ಣ ಹಾಕಿದ ಕಲಂಕಾರಿ. ಎಲ್ಲದರ ಮುಂದೆಯೂ ನಿಲ್ಲಲು ಆಗುವುದಿಲ್ಲ, ತಂಡ ಮುಂದೆ ಹೋಗುತ್ತಿರುತ್ತದೆ. ಆದ್ದರಿಂದ ಹೋಗುವ ಮೊದಲೇ ಎರಡು ಮೂರು ವಿಷಯ ಮನಸ್ಸಲ್ಲಿ ಇಟ್ಟುಕೊಂಡು ಹೋಗಿ. ನಾನಾದರೆ ಈ ಮೂರನ್ನು ಹೇಳುತ್ತೇನೆ.

ಮೊದಲನೆಯದು ಮೊಘಲರ ಕಾಲದ ಡೇರೆಯ ಬಟ್ಟೆಗೋಡೆಗಳು. ಅರಸರು ವರ್ಷದಲ್ಲಿ ಎಷ್ಟೋ ತಿಂಗಳು ದಾರಿಯಲ್ಲೇ ಇರುತ್ತಿದ್ದರಲ್ಲ, ಆಗ ಅವರ ಅರಮನೆ ಬಟ್ಟೆಯದೇ. ಅದರ ಮೇಲೆ ಕಮಾನು, ಕಮಾನಿನೊಳಗೆ ಹೂಗಿಡ. ಕಲ್ಲಿನ ಗೋಡೆಯಲ್ಲಿ ಏನಿರುತ್ತದೋ ಅದನ್ನೇ ಬಟ್ಟೆಯಲ್ಲಿ ತೆಗೆದಿದ್ದಾರೆ.

ಎರಡನೆಯದು ಮಾತಾ ನಿ ಪಛೇಡಿ. ಇದು ಅಹಮದಾಬಾದಿನದೇ. ಗುಡಿಯೊಳಗೆ ಬಿಡದ ಜನ ತಮ್ಮ ದೇವಿಗೆ ಬಟ್ಟೆಯಲ್ಲೇ ಗುಡಿ ಕಟ್ಟಿಕೊಂಡರು. ನಡುವೆ ದೇವಿ, ಸುತ್ತ ಗುಡಿಯ ಚೌಕಟ್ಟು, ಅದರಾಚೆ ಭಕ್ತರು, ಪ್ರಾಣಿಗಳು. ಕೆಂಪು, ಕಪ್ಪು, ಬಟ್ಟೆಯ ಬಿಳುಪು, ಹಳೆ ಕ್ರಮದಲ್ಲಿ ಇಷ್ಟೇ ಬಣ್ಣ. ನಾಲ್ಕು ಕಡೆ ಕಟ್ಟಿದರೆ ಗುಡಿ, ಮಡಚಿದರೆ ಬಗಲಿನ ಗಂಟು. ನನಗೆ ಇಡೀ ಮ್ಯೂಸಿಯಂನಲ್ಲಿ ಮನಸ್ಸಿಗೆ ನಾಟಿದ್ದು ಇದು.

ಮೂರನೆಯದು ಪಟೋಲಾ, ಅಂದರೆ ನೂಲಿಗೆ ಮೊದಲೇ ಬಣ್ಣ ಹಾಕಿ ನೇಯುವ ರೇಷ್ಮೆ ಬಟ್ಟೆ. ಅದರ ಮಾತು ಪಾಟಣ್‌ಗೆ ಹೋದಾಗ ಹೇಳುತ್ತೇನೆ. ಅವ್ವ ಇಲ್ಲಿ ಗಾಜಿಗೆ ಮೂಗು ತಾಗಿಸಿ ನಿಂತು, ಹಿಂದಿನ ಮಗ್ಗುಲು ಹೇಗಿದೆ ಅಂತ ಬಗ್ಗಿ ಬಗ್ಗಿ ನೋಡುತ್ತಿದ್ದಳು. ನೇಕಾರರ ಮನೆಯವರು ಸೀರೆಯ ಮುಂದು ನೋಡುವುದಿಲ್ಲ, ಹಿಂದು ನೋಡುತ್ತಾರೆ.

ಹೊರಗೆ ಬಂದ ಕೂಡಲೇ ಆಟೋ ಕರೆಯಬೇಡಿ. ಎಲ್ಲಾದರೂ ನೆರಳಲ್ಲಿ ಕೂತು ನೆನಪಿದ್ದಷ್ಟು ಬರೆದುಕೊಳ್ಳಿ. ಸಂಜೆಗೆ ಅರ್ಧ ಮರೆತಿರುತ್ತೀರಿ.

ಅದೇ ಶಾಹಿಬಾಗಿನಲ್ಲಿ ಕಸ್ತೂರಭಾಯಿ ಲಾಲಭಾಯಿ ಮ್ಯೂಸಿಯಂ ಇದೆ. ಇನ್ನೊಂದು ಮಿಲ್ಲು ಮಾಲೀಕರ ಮನೆ, 2017ರಲ್ಲಿ ಮ್ಯೂಸಿಯಂ ಆಯಿತು. ಅದಕ್ಕೂ ಮೊದಲೇ ಹೆಸರು ಬರೆಸಬೇಕು. ನಾವು ಬರೆಸಿರಲಿಲ್ಲ, ಹೊರಗಿಂದ ಗೇಟು ನೋಡಿ ಬಂದ್ವಿ. ನೀವು ಎರಡಕ್ಕೂ ಒಟ್ಟಿಗೆ ಬರೆಸಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಸಾರಾಭಾಯಿ ಮನೆತನಕ್ಕೆ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕಟ್ಟಿಕೊಟ್ಟ ಮನೆಯೂ ಇದೇ ಕಡೆ ಇದೆ. ಅದು ಈಗಲೂ ಮನೆಯೇ, ಒಳಗೆ ಬಿಡುವುದಿಲ್ಲ, ಆಸೆ ಇಟ್ಟುಕೊಂಡು ಹೋಗಬೇಡಿ.

ಕಾರ್ಬೂಸಿಯೆ ಕೆಲಸ ನೋಡಲೇಬೇಕು ಅಂದರೆ ಆಶ್ರಮ್ ರಸ್ತೆಯಲ್ಲಿ ಮಿಲ್ ಮಾಲೀಕರ ಸಂಘದ ಕಟ್ಟಡ ಇದೆ, 1954ರದು. ಇವತ್ತಿಗೂ ಸಂಘದ ಕಚೇರಿ ಅದು, ಹಾಗಾಗಿ ಕೆಲಸದ ದಿನ ಹೋಗಿ, ಕೇಳಿ ಒಳಗೆ ಹೋಗಿ. ರಸ್ತೆ ಕಡೆಯ ಕಾಂಕ್ರೀಟ್ ಹಲಗೆಗಳು ಓರೆಯಾಗಿ ನಿಂತಿವೆ, ಪಡುವಣ ಬಿಸಿಲು ನೇರ ಒಳಗೆ ಬರದಿರಲಿ ಅಂತ. ಹಿಂದಿನ ಕಡೆ ಸಾಬರಮತಿ ನದಿಗೆ ಬಿಚ್ಚಿಕೊಂಡಿದೆ. ಆ ಕಾಲಕ್ಕೆ ನದಿಯ ಮರಳಲ್ಲಿ ಬಟ್ಟೆ ಒಗೆದು ಒಣಹಾಕುತ್ತಿದ್ದರು. ಕೂತಲ್ಲಿಂದ ಅದು ಕಾಣಬೇಕು ಅಂತ ಕಟ್ಟಿದ್ದು. ಈಗ ಕಾಣುವುದು ಸಿಮೆಂಟಿನ ನದಿದಂಡೆ. ಅವ್ವನಿಗೆ ಈ ಕಟ್ಟಡ ಒಂದಿಷ್ಟೂ ಹಿಡಿಸಲಿಲ್ಲ. "ಕಟ್ಟೋದು ಮುಗಿಸೇ ಇಲ್ಲೇನು ಇನ್ನೂ?" ಅಂದಳು. ನನಗೆ ಹಿಡಿಸಿತು. ಅರ್ಧ ಗಂಟೆ ಸಾಕು.

ಮರುದಿನ ಬೆಳಿಗ್ಗೆ ಹಳೆ ಊರಿನ ನಡಿಗೆ. ಅಹಮದಾಬಾದ್ ಪಾಲಿಕೆ 1997ರಿಂದ ನಡೆಸುತ್ತಿರುವ ಹೆರಿಟೇಜ್ ವಾಕ್ ಇದು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಶುರು, ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು ಎರಡೂವರೆ ಗಂಟೆ ನಡೆಸುತ್ತಾರೆ. 2017ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ನಗರ ಎಂದಿತು. ಭಾರತದಲ್ಲಿ ಮೊದಲನೆಯದು. ಅದು ಸಿಕ್ಕಿದ್ದಕ್ಕೆ ದೊಡ್ಡ ಕಾರಣ ಈ ಓಣಿಗಳೇ.

ಓಣಿಗೆ ಅಲ್ಲಿ 'ಪೋಳ್' ಅಂತಾರೆ. ನಮ್ಮ ಕಡೆ ಊರಿಗೆ ಅಗಸಿ ಇರುತ್ತದಲ್ಲ, ಇಲ್ಲಿ ಓಣಿ ಓಣಿಗೂ ಅಗಸಿ. ಬಾಗಿಲು ಹಾಕಿದರೆ ಓಣಿಯೇ ಒಂದು ಕೋಟೆ. ಅಗಸಿಯ ಮೇಲೆ ಕಾವಲುಗಾರನ ಕೋಣೆ. ಒಳಗೆ ಒಂದು ಗುಡಿ, ಒಂದು ಬಾವಿ, ನಡುವೆ ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕುವ 'ಚಬೂತರೋ'. ಆ ಕಂಬಕ್ಕೂ ಮನೆಯಷ್ಟೇ ಕೆತ್ತನೆ. ಓಣಿ ಇನ್ನೇನು ಮುಗಿಯಿತು ಅನ್ನುವಾಗ ಗೋಡೆಯಲ್ಲೊಂದು ಸಂದಿ, ತಲೆ ಬಗ್ಗಿಸಿ ಹೋದರೆ ಪಕ್ಕದ ಪೋಳ್. ಗಲಾಟೆ ಕಾಲಕ್ಕೆ ಮಾಡಿಕೊಂಡ ದಾರಿ.

ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮುಂದೆ ಕಟ್ಟೆ. ಅದಕ್ಕೆ ಅಲ್ಲಿ 'ಓಟಲೋ' ಅನ್ನುತ್ತಾರೆ. ಒಳಗೆ ನಡುವೆ ಆಕಾಶಕ್ಕೆ ತೆರೆದ ಚೌಕ, ನಮ್ಮ ತೊಟ್ಟಿ ಮನೆಯ ತೊಟ್ಟಿಯಂತೆ, ಆದರೆ ಕಿರಿದು. ಗಾಳಿ, ಬೆಳಕು ಎಲ್ಲ ಅಲ್ಲಿಂದಲೇ. ಆ ಚೌಕದ ಕೆಳಗೆ 'ಟಾಂಕಾ', ಅಂದರೆ ನೆಲದೊಳಗಿನ ನೀರಿನ ಕೋಣೆ. ಮಾಳಿಗೆಯ ಮಳೆನೀರು ಕೊಳವೆಯಲ್ಲಿ ಇಳಿದು ಅಲ್ಲಿ ತುಂಬುತ್ತದೆ. ಹಿಂದೆ ವರ್ಷವಿಡೀ ಕುಡಿಯೋಕೆ ಅದೇ ನೀರು. ನಾವು ಹೋದ ಒಂದು ಮನೆಯಲ್ಲಿ ಸಣ್ಣ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಟ್ಟು ನೀರು ತೋರಿಸಿದರು. ತಿಳಿಯಾಗಿತ್ತು.

ಗೋಡೆ ಇಟ್ಟಿಗೆಯದು, ಆದರೆ ಇಟ್ಟಿಗೆಯ ನಡುನಡುವೆ ಮರದ ತೊಲೆ ಸೇರಿಸಿ ಕಟ್ಟಿದ್ದಾರೆ. ನೆಲ ನಡುಗಿದಾಗ ಮರ ಸ್ವಲ್ಪ ಬಾಗುತ್ತದೆ, ಗೋಡೆ ಒಮ್ಮೆಲೇ ಬೀಳುವುದಿಲ್ಲ. 2001ರ ಜನವರಿ 26ರ ಭೂಕಂಪದಲ್ಲಿ ಈ ಊರಿನ ಹೊಸ ಅಪಾರ್ಟ್‌ಮೆಂಟುಗಳೇ ಕುಸಿದವು. ಮರ ಸೇರಿಸಿದ ಹಳೆ ಮನೆಗಳು ಹೆಚ್ಚಿನವು ತಡೆದುಕೊಂಡವು. ಈಗ ಅವುಗಳನ್ನು ಕೆಡವುತ್ತಿರುವುದು ಭೂಕಂಪ ಅಲ್ಲ, ಅಂಗಡಿಗಳು. ಎಷ್ಟೋ ಮನೆ ಗೋದಾಮು ಆಗಿವೆ. ಕೆತ್ತಿದ ಬಾಗಿಲಿಗೆ ಶಟರ್ ಬಡಿದಿದ್ದಾರೆ. ನಡಿಗೆಯಲ್ಲಿ ಇದನ್ನೂ ನೋಡಬೇಕಾಗುತ್ತದೆ. ಲಾಂಬೇಶ್ವರ್ ನಿ ಪೋಳ್‌ನಲ್ಲಿ ಗುಜರಾತಿ ಕವಿ ದಲಪತರಾಮ್ ಅವರ ಮನೆಯ ಮುಂಭಾಗ ಉಳಿಸಿದ್ದಾರೆ. ಕಟ್ಟೆಯ ಮೇಲೆ ಕವಿಯ ಕಂಚಿನ ಮೂರ್ತಿ ಕೂತಿದೆ. ಅವ್ವ ಪಕ್ಕದಲ್ಲಿ ಕೂತು ಕಾಲು ಒತ್ತಿಕೊಂಡಳು. ಅವಳ ಪ್ರಕಾರ ಇಡೀ ಊರಿನಲ್ಲಿ ಅದೇ ಒಳ್ಳೆಯ ಜಾಗ.

ಕೆಲವು ಸಣ್ಣ ಮಾತುಗಳು. ಚಪ್ಪಲಿ ಬೇಡ, ಬೂಟು ಹಾಕಿ. ಓಣಿಯಲ್ಲಿ ಹಸು, ಸ್ಕೂಟರು, ನೀರು ಎಲ್ಲ ಇರುತ್ತದೆ. ಜನರ ಮನೆ ಅದು, ಸೆಟ್ ಅಲ್ಲ. ಕೇಳದೆ ಒಳಗೆ ಕ್ಯಾಮೆರಾ ತಿರುಗಿಸಬೇಡಿ. ನಮ್ಮ ಜೊತೆ ಬಂದ ಒಬ್ಬ ಹುಡುಗ ಅಂಗಳದಲ್ಲಿ ಸ್ನಾನ ಮಾಡುತ್ತಿದ್ದ ಅಜ್ಜನ ಫೋಟೋ ತೆಗೆದು ಬೈಸಿಕೊಂಡ, ನನಗೆ ಅಜ್ಜನ ಕಡೆಯೇ ಸರಿ ಅನ್ನಿಸಿತು. ನಡಿಗೆ ಮುಗಿಯುವ ಜಾಗದ ಹತ್ತಿರವೇ ಮಾಣೆಕ್ ಚೌಕ್. ಹಗಲು ಚಿನ್ನದಂಗಡಿ, ರಾತ್ರಿ ತಿಂಡಿಬೀದಿ. ಬಟ್ಟೆ ಕೊಳ್ಳುವವರು ಪಕ್ಕದ ಢಾಲ್‌ಗರ್‌ವಾಡ್‌ಗೆ ಹೋಗಿ. 'ಪಟೋಲಾ' ಅಂತ ಎರಡು ಮೂರು ಸಾವಿರಕ್ಕೆ ತೋರಿಸಿದರೆ ಅದು ಪ್ರಿಂಟು. ಕೊಳ್ಳಿ, ಚೆನ್ನಾಗಿರುತ್ತದೆ, ಆದರೆ ಪ್ರಿಂಟು ಅಂತ ಗೊತ್ತಿದ್ದು ಕೊಳ್ಳಿ.

ಮೂರನೇ ದಿನ ಪಾಟಣ್. ಅಹಮದಾಬಾದಿನಿಂದ ಸುಮಾರು 125 ಕಿಲೋಮೀಟರ್. ಇಡೀ ದಿನಕ್ಕೆ ಕಾರು ಮಾಡಿಕೊಂಡ್ವಿ, 4,500 ರೂಪಾಯಿ ಆಯಿತು. ಬಸ್ಸೂ ಇದೆ, ಆದರೆ ಮೊಢೇರಾ, ಪಾಟಣ್, ಸಿದ್ಧಪುರ ಮೂರೂ ಒಂದೇ ದಿನ ಬೇಕೆಂದರೆ ಕಾರೇ ಸರಿ. ಬೆಳಿಗ್ಗೆ ಆರೂವರೆಗೆ ಹೊರಡಿ. ಮೊಢೇರಾದ ಸೂರ್ಯ ದೇವಾಲಯಕ್ಕೆ ಬೆಳಗಿನ ಎಳೆಬಿಸಿಲು ಚೆಂದ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬಿಟ್ಟು ಮುಂದೆ ಹೋಗುತ್ತೇನೆ.

ಪಾಟಣ್‌ನಲ್ಲಿ ಮೊದಲು ರಾಣಿ ಕೀ ವಾವ್. ನಿಮ್ಮ ಜೇಬಿನ ನೇರಳೆ ಬಣ್ಣದ ನೂರರ ನೋಟಿನ ಹಿಂದೆ ಇರುವ ಮೆಟ್ಟಿಲುಬಾವಿ ಇದೇ. 11ನೇ ಶತಮಾನದಲ್ಲಿ ಸೋಲಂಕಿ ರಾಣಿ ಉದಯಮತಿ ಗಂಡ ಭೀಮದೇವನ ನೆನಪಿಗೆ ಕಟ್ಟಿಸಿದ್ದು. ಅವಳ ಮಗ ಕರ್ಣ. ಆ ಕರ್ಣನ ಹೆಂಡತಿ ಯಾರು ಗೊತ್ತಾ? ಗೋವೆಯ ಕದಂಬರ ಜಯಕೇಶಿಯ ಮಗಳು, ಮಯಣಲ್ಲದೇವಿ. ಗುಜರಾತಿನಲ್ಲಿ ಮೀನಳದೇವಿ ಅಂತಾರೆ. ಹುಡುಗಿ ಚೆಂದ ಇಲ್ಲ ಎಂದು ಕರ್ಣ ಮದುವೆಗೆ ಒಲ್ಲೆ ಅಂದನಂತೆ. ಆಗ ಹಟ ಹಿಡಿದು ಮಗನನ್ನು ಒಪ್ಪಿಸಿದವಳು ಉದಯಮತಿ ಎಂದು ಹಳೆಯ ಕಥೆ. ಬಾವಿಯ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಇದನ್ನು ಹೇಳಿದೆ. ಅವಳಿಗೆ ಶಿಲ್ಪಕ್ಕಿಂತ ಅತ್ತೆಯ ಮೇಲೆ ಜಾಸ್ತಿ ಪ್ರೀತಿ ಬಂತು.

ಗೋಡೆಯಲ್ಲಿ ವಿಷ್ಣುವಿನ ಅವತಾರಗಳನ್ನು ಎಲ್ಲರೂ ನೋಡುತ್ತಾರೆ. ನೀವು ಪಕ್ಕದ ಜಾಲರಿ ಕೆತ್ತನೆಗಳನ್ನೂ ನೋಡಿ. ಚೌಕದೊಳಗೆ ಚೌಕ, ಹೂವಿನೊಳಗೆ ಹೂವು. ಅವು ಪಟೋಲಾದ ವಿನ್ಯಾಸದ ಹಾಗೇ ಇವೆ ಎಂದು ಅಲ್ಲಿನ ಗೈಡುಗಳು ತೋರಿಸುತ್ತಾರೆ. ಕೆಳಗಿನ ಹಂತಗಳಿಗೆ ಮೆಟ್ಟಿಲು ಬಹಳ. ಅವ್ವ ಅರ್ಧಕ್ಕೇ ನಿಂತಳು. ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಅದೇ ರಸ್ತೆಯಲ್ಲಿ ಪಾಟಣ್ ಪಟೋಲಾ ಹೆರಿಟೇಜ್ ಅಂತ, ಪಟೋಲಾ ನೇಯುವ ಸಾಳವಿ ಮನೆತನದವರು ನಡೆಸುವ ಮ್ಯೂಸಿಯಂ ಇದೆ. ಇಲ್ಲಿ ಅವಸರ ಮಾಡಬೇಡಿ, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮಗ್ಗದ ಮುಂದೆ ಕೂರಿಸಿ ವಿವರಿಸುತ್ತಾರೆ. ಇಲ್ಲಿ ಹಾಸಿನ, ಅಂದರೆ ಉದ್ದದ ಎಳೆಗೂ ಮೊದಲೇ ಬಣ್ಣ, ಹೊಕ್ಕಿನ, ಅಂದರೆ ಅಡ್ಡ ಎಳೆಗೂ ಮೊದಲೇ ಬಣ್ಣ. ನೂಲನ್ನು ಅಲ್ಲಲ್ಲಿ ದಾರದಿಂದ ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಕಡೆ ಬಣ್ಣ ಹತ್ತುವುದಿಲ್ಲ. ಬಿಚ್ಚಿ, ಬೇರೆ ಕಡೆ ಕಟ್ಟಿ, ಇನ್ನೊಂದು ಬಣ್ಣ. ತಿಂಗಳುಗಟ್ಟಲೆ ಇದೇ ಕೆಲಸ. ಆಮೇಲೆ ನೇಯುವಾಗ ಹಾಸಿನ ಕೆಂಪು ಹೊಕ್ಕಿನ ಕೆಂಪಿನ ಮೇಲೇ ಬಂದು ಕೂರಬೇಕು. ನೇಯುತ್ತಾ ಮಧ್ಯೆ ಮಧ್ಯೆ ನಿಲ್ಲಿಸಿ, ಸೂಜಿಯಲ್ಲಿ ಒಂದೊಂದೇ ಎಳೆ ಸರಿಸಿ ಕೂರಿಸುತ್ತಾರೆ. ಮಗ್ಗ ಒಂದು ಕಡೆ ವಾಲಿರುತ್ತದೆ, ಇಬ್ಬರು ಕೂತು ನೇಯುತ್ತಾರೆ. ದಿನಕ್ಕೆ ಹೆಚ್ಚೆಂದರೆ ಒಂದು ಗೇಣು. ಒಂದು ಸೀರೆಗೆ ಆರು ತಿಂಗಳಾದರೂ ಆಶ್ಚರ್ಯವಿಲ್ಲ. ಬೆಲೆ ಲಕ್ಷದಲ್ಲಿ. ಮುಂದು ಹಿಂದು ಎರಡೂ ಒಂದೇ.

ಸೋಲಂಕಿ ಅರಸ ಕುಮಾರಪಾಲ ಪೂಜೆಗೆ ಉಡಲು ಪಟೋಲಾ ಬೇಕು ಅಂತ 700 ಸಾಳವಿ ಮನೆತನಗಳನ್ನು ಮಹಾರಾಷ್ಟ್ರ, ಕರ್ನಾಟಕದ ಕಡೆಯಿಂದ ಕರೆಸಿದ ಎಂದು ಅಲ್ಲಿ ಹೇಳುತ್ತಾರೆ. ಈಗ ಈ ಕೆಲಸ ಮಾಡುವ ಮನೆಗಳು ಬೆರಳೆಣಿಕೆಯಷ್ಟು. ಗುಜರಾತಿಯಲ್ಲಿ ಒಂದು ಗಾದೆ ಇದೆ: "ಪಡೀ ಪಟೋಳೇ ಭಾತ್, ಫಾಟೇ ಪಣ್ ಫೀಟೇ ನಹೀಂ." ಪಟೋಲಾದ ಮೇಲೆ ಬಿದ್ದ ವಿನ್ಯಾಸ ಹರಿದೀತು, ಮಾಸಲಿಕ್ಕಿಲ್ಲ.

ಅವ್ವ ಮಗ್ಗದ ಪಕ್ಕ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, ಹೊಸ ಹಾಸು ಏರಿಸುವಾಗ ಹಳೆ ಎಳೆಗೆ ಹೇಗೆ ಕೂಡಿಸುತ್ತೀರಿ ಅಂತ. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅವಳು ಅದನ್ನು ಕೈಯಲ್ಲೇ ಮಾಡಿ ತೋರಿಸಿದಳು, ಇಲ್ಲದ ಎಳೆಯನ್ನು ಬೆರಳಲ್ಲಿ ಹೊಸೆದು. ಅಲ್ಲಿದ್ದ ನೇಕಾರರು ಕೆಲಸ ನಿಲ್ಲಿಸಿ ನೋಡಿದರು. ಭಾಷೆಯ ಅಗತ್ಯ ನನಗಷ್ಟೇ ಇತ್ತು ಅಂತ ಕಾಣುತ್ತದೆ.

ಹೊರಗೆ ಬಂದ ಮೇಲೆ ಅವಳ ತೀರ್ಪು: "ಛಲೋ ಐತಿ. ಆದ್ರ ಇದನ್ನ ಉಟಗೊಂಡು ರೊಟ್ಟಿ ಬಡಿಲಿಕ್ಕೆ ಬರೂದಿಲ್ಲ."

ಊಟ ಪಾಟಣ್‌ನಲ್ಲೇ ಮುಗಿಸಿ ಸಿದ್ಧಪುರಕ್ಕೆ ಹೋಗಿ, 30 ಕಿಲೋಮೀಟರ್ ಇರಬಹುದು. ಮಾತೃಗಯಾ ಅಂತ ಹೆಸರಾದ ಊರು. ಬಿಂದು ಸರೋವರದಲ್ಲಿ ತಾಯಿಗೆ ಪಿಂಡ ಬಿಡಲು ದೂರದೂರದಿಂದ ಬರುತ್ತಾರೆ. ನಾವು ಹೋಗಿದ್ದು ವ್ಹೋರಾವಾಡ್ ನೋಡಲು. ದಾವೂದಿ ಬೋಹ್ರಾ ಎಂಬ ಮುಸ್ಲಿಂ ಪಂಗಡದ ವ್ಯಾಪಾರಿಗಳು ಸುಮಾರು ನೂರು ವರ್ಷದ ಹಿಂದೆ ಕಟ್ಟಿಸಿದ ಮನೆಗಳು ಸಾಲಾಗಿ ನಿಂತಿವೆ. ತಿಳಿ ಗುಲಾಬಿ, ತಿಳಿ ಹಸಿರು, ಹಳದಿ. ಹೊರಗೆ ಯುರೋಪಿನ ಕಂಬ, ಕಮಾನು. ಒಳಗಿನ ಹೊಂದಿಕೆ ಮಾತ್ರ ಪೋಳ್ ಮನೆಯದೇ, ಅಂಗಳ, ಅದರ ಸುತ್ತ ಕೋಣೆಗಳು. ಬಾಗಿಲ ಮೇಲೆ ಮಾಲೀಕರ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದರಲ್ಲೊಂದು ಹೆಣೆದುಕೊಂಡಿವೆ.

ಇಲ್ಲಿ ಟಿಕೆಟ್ ಇಲ್ಲ, ಗೈಡ್ ಇಲ್ಲ, ಬೋರ್ಡೂ ಇಲ್ಲ. ಬೀದಿ ಅಷ್ಟೇ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಬಿಸಿಲು ಓರೆಯಾದಾಗ ಬಣ್ಣ ಎದ್ದು ಕಾಣುತ್ತದೆ. ಹೆಚ್ಚಿನ ಮನೆಗಳಿಗೆ ಬೀಗ. ಮನೆಯವರು ಮುಂಬೈ, ಆಫ್ರಿಕಾ, ಇನ್ನೆಲ್ಲೋ. ಒಳಗೆ ನೋಡಬೇಕೆಂದರೆ ಯಾರಾದರೂ ಬಾಗಿಲು ತೆರೆದು ಕರೆಯಬೇಕು. ನಮಗೆ ಒಂದು ಮನೆಯ ಕಾವಲುಗಾರರು ಮುಂಚಾವಡಿವರೆಗೆ ಬಿಟ್ಟರು. ಬಣ್ಣದ ಗಾಜು, ನುಣುಪು ಕಲ್ಲಿನ ನೆಲ, ಗೋಡೆಗೆ ಒರಗಿಸಿದ ಬಟ್ಟೆ ಮುಚ್ಚಿದ ಕುರ್ಚಿಗಳು.

ಅವ್ವ ಸಾಲು ಕಿಟಕಿಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದಳು. ನಲವತ್ತಕ್ಕೆ ಎಣಿಕೆ ತಪ್ಪಿತು.

"ಇಷ್ಟು ಕಿಡಕಿ ಒರಸೋರು ಯಾರವಾ?" ಅಂತ ಕಾವಲುಗಾರರ ಕಡೆ ನೋಡಿ ನನ್ನನ್ನೇ ಕೇಳಿದಳು. ನಾನು ಹಿಂದಿಯಲ್ಲಿ ಕೇಳಿದೆ. ಅವರು ನಕ್ಕು, ಮೂಲೆಯಲ್ಲಿ ಒರಗಿಸಿದ್ದ ಉದ್ದ ಕೋಲಿನ ಪೊರಕೆ ತೋರಿಸಿದರು.